ವ್ಯಸನಿಯ ಮಿದುಳು ಮತ್ತು ನಮ್ಮ ಶಾಪ

ಅರಬಿಯಲ್ಲಿ ಮದ್ಯವನ್ನು 'ಖಮ್ರ್' ಎನ್ನುತ್ತಾರೆ. ಮುಚ್ಚುವುದು ಎಂಬುದು ಅದರ ಮೂಲಾರ್ಥ. ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಖಲೀಫಾ ಉಮರ್(ರ) ವಿವರಿಸಿದ್ದರು. ಆದ್ದರಿಂದ ಗಾಂಜಾ, ನಶೆಯ ಮಾತ್ರೆ, ಹುಡುಗರು ಬಟ್ಟೆಗೆ ಹಚ್ಚಿ ಮೂಸುವ ಪಂಕ್ಚರ್ ಸೊಲ್ಯೂಶನ್, ಇವು ಯಾವುವೂ ನಿಷೇಧದ ಹೊರಗಿಲ್ಲ.

ಈ ಮುಚ್ಚುವಿಕೆ ಮಿದುಳಿನ ಯಾವ ಭಾಗದಲ್ಲಿ ನಡೆಯುತ್ತದೆಂಬುದನ್ನು ಇಂದು ಸ್ಕ್ಯಾನಿಂಗ್ ಯಂತ್ರಗಳು ತೋರಿಸುತ್ತಿವೆ. ಅಮೆರಿಕದ ವಿಜ್ಞಾನಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೊಕೇನ್ ವ್ಯಸನಿಗಳನ್ನು ಪೆಟ್ ಸ್ಕ್ಯಾನ್‌ಗೆ ಒಳಪಡಿಸಿದಾಗ, ಸುಖದ ಬಯಕೆಗೆ ಸಂಬಂಧಿಸಿದ ಡೋಪಮಿನ್ ರಾಸಾಯನಿಕದ ಗ್ರಾಹಕಗಳು ಕಡಿಮೆಯಾಗಿದ್ದುದು ಕಂಡುಬಂತು. ಹಣೆಯ ಹಿಂದಿರುವ, ಆವೇಶಕ್ಕೆ ಕಡಿವಾಣ ಹಾಕುವ ಭಾಗದ ಚಟುವಟಿಕೆಯೂ ಕುಗ್ಗಿತ್ತು. ಬೆಳಿಗ್ಗೆ ತಾಯಿಗೆ ಕಣ್ಣೀರಿಟ್ಟು ಮಾತು ಕೊಟ್ಟ ಮಗ ಸಂಜೆ ಮತ್ತೆ ನಶೆಯಲ್ಲಿ ಬಂದರೆ ಅದೆಲ್ಲವೂ ವಂಚನೆಯಲ್ಲ, ಕಡಿವಾಣವೇ ಸಡಿಲಗೊಂಡಿರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನಗಲ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನ ನಮ್ಮನ್ನು ಇನ್ನಷ್ಟು ಬೆಚ್ಚಿಸಬೇಕು. ತಂದೆ ಮದ್ಯವ್ಯಸನಿ, ಆದರೆ ಮಗ ಮದ್ಯ ಮುಟ್ಟಿಲ್ಲ. ಅಂತಹ ಯುವಕರ ಮಿದುಳಿನ ಕೆಲವು ಭಾಗಗಳು ಇತರ ಯುವಕರಿಗಿಂತ ಚಿಕ್ಕದಾಗಿದ್ದವು. ಅವರು ವ್ಯಸನಿಗಳಾಗಿಯೇ ತೀರುತ್ತಾರೆಂದು ಇದರರ್ಥವಲ್ಲ; ಅಪಾಯದ ಅಂಚಿನಲ್ಲಿದ್ದಾರೆ ಎಂದರ್ಥ. ಕುಡಿಯುವ ತಂದೆಯರು ಇದನ್ನು ಎರಡು ಬಾರಿ ಓದಲಿ.

ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ, ನೆಲಮಂಗಲಗಳಿಂದ ನಿಮ್ಹಾನ್ಸ್ ದೂರವೇನಲ್ಲ. ಆದರೆ ನಮ್ಮ ಕುಟುಂಬಗಳು ಮೊದಲು ಹೋಗುವುದು ಆಮಿಲರ ಬಳಿಗೆ, ತಾವೀಜಿಗೆ. ನಲವತ್ತು ದಿನ ಜಮಾಅತ್‌ಗೆ ಕಳುಹಿಸುವವರಿದ್ದಾರೆ. ಸತ್ಸಂಗದಿಂದ ಒಳಿತಾಗುತ್ತದೆ, ಆದರೆ ಹಿಂದಿರುಗಿದ ಬಳಿಕ ಅದೇ ಗಲ್ಲಿ, ಅದೇ ಗೆಳೆಯರು. ಕೊನೆಗೆ ಉಳಿಯುವ ಉಪಾಯ ನಿಕಾಹ್! ಹುಡುಗಿಯ ಮನೆಯವರಿಗೆ ತಿಳಿಸದೆ ನಡೆಸುವ ಈ ಮದುವೆಗೆ ದ್ರೋಹವೆಂಬುದಲ್ಲದೆ ಬೇರೆ ಹೆಸರಿಲ್ಲ.

ಚೇತರಿಕೆಗೆ ಸಮಯ ಬೇಕು. 2001ರಲ್ಲಿ ವೋಲ್ಕೋವ್ ತಂಡ ಮೆಥಾಂಫೆಟಮೈನ್ ವ್ಯಸನದಿಂದ ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದ ಕೆಲವರನ್ನು ಮತ್ತೆ ಸ್ಕ್ಯಾನ್ ಮಾಡಿದಾಗ ಡೋಪಮಿನ್ ವ್ಯವಸ್ಥೆ ಬಹುಮಟ್ಟಿಗೆ ಸುಧಾರಿಸಿತ್ತು. ನೆನಪಿನ ಶಕ್ತಿ ಮಾತ್ರ ಅಷ್ಟು ಬೇಗ ಮರಳಿರಲಿಲ್ಲ. ಎರಡು ವಾರದಲ್ಲಿ ಮಗ ಸರಿಹೋಗಲಿಲ್ಲವೆಂದು ಮನೆಯಿಂದ ಹೊರಹಾಕುವವರು ಇದನ್ನು ಗಮನಿಸಬೇಕು. ಹಾಗೆಂದು ಸಾಲ ಮಾಡಿ ಮಗನಿಗೆ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ವ್ಯಸನವನ್ನು ವೈದ್ಯರು ಮಾತುಕತೆ ಮತ್ತು ತಪಾಸಣೆಯಿಂದ ಗುರುತಿಸುತ್ತಾರೆ. ಮಿದುಳಿನ ಚಿತ್ರಗಳು ಮುಖ್ಯವಾಗಿ ಸಂಶೋಧನೆಯ ಸಾಧನಗಳು.

ರೋಗವೆಂದರೆ ಪಾಪಕ್ಕೆ ರಿಯಾಯಿತಿಯೇ ಎಂದು ಕೇಳಬಹುದು. ಅಲ್ಲ. ಮದ್ಯ ಹರಾಮ್, ಚಿಕಿತ್ಸೆಗೆ ಹೋಗುವ ಹೊಣೆಯೂ ಅವನದೇ. ಆದರೆ ಮತ್ತೆ ಮತ್ತೆ ಕುಡಿದು ಶಿಕ್ಷೆಗೊಳಗಾಗುತ್ತಿದ್ದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ಅದನ್ನು ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾರಿದರು. ಬುಖಾರಿಯಲ್ಲಿ ದಾಖಲಾದ ಈ ಘಟನೆ ನಮ್ಮ ಮಿಂಬರ್‌ಗಳಿಂದ ಕೇಳಿಬರುವುದು ಅಪರೂಪ. ಶಾಪವಂತೂ ಧಾರಾಳವಾಗಿ ಕೇಳಿಬರುತ್ತದೆ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರಿಗೊಂದು ಮಾತು: 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸರ್ಕಾರದ ಮಾನ್ಯತೆಯ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ, ಚಿಕಿತ್ಸೆ ಪೂರ್ಣಗೊಳಿಸಬೇಕು. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮಸೀದಿ ಕಮಿಟಿಗಳು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆಸಲಿ. ಮಗನನ್ನು ಕರೆದೊಯ್ಯಲು ಒಂಟಿ ತಾಯಿಯೊಬ್ಬಳು ಹೆಣಗುತ್ತಿದ್ದರೆ, ಕಮಿಟಿಯ ಇಬ್ಬರು ಜೊತೆಗೆ ಬಸ್ಸು ಹತ್ತಲಿ.