ಅಂಗೈಯಗಲದ ಮುದ್ರಣಯಂತ್ರವೂ ಅಳಿಸಿಹೋಗುವ ಬಿಲ್ಲೂ

ವ್ಯಾಪಾರದಲ್ಲಿ ಬಿಲ್ಲಿಗಿರುವ ಮಹತ್ವವನ್ನು ವರ್ತಕ ಬಂಧುಗಳಿಗೆ ವಿವರಿಸಹೊರಡುವುದು ಅಧಿಕಪ್ರಸಂಗವಾದೀತು. ಆದರೆ ಆ ಬಿಲ್ಲು ಎಂತಹ ಕಾಗದದ ಮೇಲೆ ಮೂಡಿದೆ, ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡಂತಿಲ್ಲ. ಪೆಟ್ಟು ತಿನ್ನುವವರೆಗೆ ನಾನೂ ಕೇಳಿಕೊಂಡಿರಲಿಲ್ಲ.

ನನ್ನದು ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರ. ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ವಾರಕ್ಕೆರಡು ಬಾರಿ ಲೈನ್ ಗಾಡಿ ಹೋಗುತ್ತದೆ. ಮೊದಲೆಲ್ಲ ಕಾರ್ಬನ್ ಹಾಳೆಯಿಟ್ಟು ಕೈಯಲ್ಲಿ ಬಿಲ್ಲು ಬರೆಯುವ ಪದ್ಧತಿಯಿತ್ತು. ಹುಡುಗರ ಕೈಬರಹ ಓದಲಾಗುವುದಿಲ್ಲ, ಕೂಡಿದ ಮೊತ್ತ ತಪ್ಪುತ್ತದೆ ಎಂಬ ಕಾರಣಕ್ಕೆ ಬಿಲ್ ಪುಸ್ತಕವನ್ನು ಬದಿಗಿರಿಸಿ, ಮೊಬೈಲಿನೊಡನೆ ಕೆಲಸ ಮಾಡುವ ಚಿಕ್ಕ ಥರ್ಮಲ್ ಪ್ರಿಂಟರ್ ಒಂದನ್ನು ಗಾಡಿಗೆ ಕೊಟ್ಟೆ. ಕೆಲವು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಯುಗಾದಿ ಕಳೆದ ಮೇಲೆ ಬಾಕಿ ವಸೂಲಿಗೆಂದು ನಾನೇ ಗಾಡಿಯೊಡನೆ ಹೋದಾಗ, ಬಹುಕಾಲದ ಗಿರಾಕಿಯಾದ ಹಿರಿಯ ಅಂಗಡಿಕಾರರೊಬ್ಬರು ಬಾಗಿಲ ಬಳಿ ಕಂಬಿಗೆ ಪೋಣಿಸಿದ್ದ ಚೀಟಿಗಳನ್ನು ತೆಗೆದು ನನ್ನ ಮುಂದಿಟ್ಟರು. ಅವರ ಅಂಗಡಿ ಪಶ್ಚಿಮಕ್ಕೆ ಮುಖಮಾಡಿದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಆ ಕಂಬಿಯ ಮೇಲೆಯೇ ಬೀಳುತ್ತದೆ. ಚೀಟಿಗಳೆಲ್ಲ ಬಿಳಿಚಿಕೊಂಡಿದ್ದವು. ಸಾಮಾನಿನ ಹೆಸರಿಲ್ಲ, ದರವಿಲ್ಲ, ಮೊತ್ತವಿಲ್ಲ, ದಿನಾಂಕವಿಲ್ಲ. ಬಾಲ್‌ಪೆನ್ನಿನಲ್ಲಿ ಹಾಕಿದ ಅವರ ರುಜು ಮಾತ್ರ ನೀಲಿಯಾಗಿ ಸ್ಪಷ್ಟವಾಗಿ ಉಳಿದಿತ್ತು.

"ಬರಿಯ ಹಾಳೆಗೆ ರುಜು ಹಾಕಬೇಡ ಅಂತ ನಮ್ಮಪ್ಪ ಹೇಳಿದ್ರು, ಯಜಮಾನ್ರೆ. ಈಗ ನೋಡಿ, ಹಾಕಿದ ಹಾಗೇ ಆಯ್ತು" ಎಂದರು.

ನಮ್ಮ ಖಾತೆಯಂತೆ ಅವರಿಂದ ಬರಬೇಕಾದುದು ರೂ. 11,640. ಒಂದು ಪೆಟ್ಟಿಗೆ ಸ್ವಿಚ್ಚುಗಳನ್ನು ಹಿಂದಿರುಗಿಸಿದ್ದೇನೆಂದು ಅವರ ನೆನಪು. ವಾಪಸಾತಿಯ ಚೀಟಿಯೂ ಬಿಳಿಯ ಚೀಟಿಗಳಲ್ಲೊಂದು. ಆ ತಿಂಗಳುಗಳ ಬಿಲ್ಲುಗಳಿದ್ದ ಮೊಬೈಲು ಕೆಟ್ಟು, ಹುಡುಗನು ಹೊಸದನ್ನು ಕೊಂಡಿದ್ದನು. ಹಳೆಯದರಲ್ಲಿದ್ದುದನ್ನು ಯಾರೂ ಬೇರೆಡೆ ಉಳಿಸಿಕೊಂಡಿರಲಿಲ್ಲ. ಅವರೂ ಸುಳ್ಳು ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ; ಆದರೆ ಇಬ್ಬರ ಕೈಯಲ್ಲೂ ಆಧಾರವಿರಲಿಲ್ಲ. ವ್ಯತ್ಯಾಸವನ್ನು ಅರ್ಧರ್ಧ ಹಂಚಿಕೊಂಡೆವು. ಹೋದ ಹಣ ದೊಡ್ಡದಲ್ಲ. ಆ ದಿನದಿಂದ ಅವರು ನಮ್ಮ ಯಂತ್ರದ ಚೀಟಿಗೆ ರುಜು ಹಾಕುವುದನ್ನು ನಿಲ್ಲಿಸಿಬಿಟ್ಟರು ಎಂಬುದು ನನಗೆ ನಿಜವಾದ ನಷ್ಟವಾಗಿ ಕಂಡಿತು.

ಇಷ್ಟನ್ನು ಹೇಳಿದ ಮಾತ್ರಕ್ಕೆ ನಾನು ಯಂತ್ರದ ವಿರೋಧಿಯೆಂದು ಭಾವಿಸಬಾರದು. ಈ ಮುದ್ರಕಕ್ಕೆ ಶಾಯಿ ಬೇಡ, ರಿಬ್ಬನ್ ಬೇಡ, ಮೇಜೂ ಬೇಡ. ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ನಡೆಯಬಹುದು. ಬಸ್ಸಿನ ನಿರ್ವಾಹಕರ ಟಿಕೆಟ್ ಯಂತ್ರವೂ, ಮನೆಬಾಗಿಲಲ್ಲಿ ವಿದ್ಯುತ್ ಬಿಲ್ಲು ಕೊಡುವ ಯಂತ್ರವೂ ಇದೇ ಜಾತಿಯವು. ಕಾಗದಕ್ಕೆ ಬಣ್ಣವಿಲ್ಲದ ಒಂದು ವರ್ಣದ್ರವ್ಯವನ್ನೂ ಅದರೊಡನೆ ಬೆರೆತಾಗ ಕಪ್ಪುಗೊಳಿಸುವ ಇನ್ನೊಂದು ರಾಸಾಯನಿಕವನ್ನೂ ಲೇಪಿಸಿರುತ್ತಾರೆ. ಮುದ್ರಕದ ತಲೆಯಲ್ಲಿ ಸಾಲಾಗಿರುವ ಸೂಕ್ಷ್ಮ ಬಿಂದುಗಳು ಕ್ಷಣಮಾತ್ರ ಕಾದು ತಣ್ಣಗಾಗುತ್ತವೆ. ಕಾದ ಬಿಂದು ತಗುಲಿದೆಡೆ ಲೇಪ ಕರಗಿ ಕಪ್ಪು ಚುಕ್ಕೆ ಮೂಡುತ್ತದೆ. ಇಂಟಿಗ್ರೇಟೆಡ್ ಸರ್ಕ್ಯೂಟ್ ನಿರ್ಮಾಣಕ್ಕಾಗಿ 2000ನೆಯ ಇಸವಿಯಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜ್ಯಾಕ್ ಕಿಲ್ಬಿಯವರಿಗೇ ಥರ್ಮಲ್ ಮುದ್ರಕದ ಶ್ರೇಯಸ್ಸೂ ಸಲ್ಲುತ್ತದೆ. ಅವರ ತಂಡವು 1967ರಲ್ಲಿ ಸಿದ್ಧಪಡಿಸಿದ ಕೈ ಕ್ಯಾಲ್ಕ್ಯುಲೇಟರಿನ ಮಾದರಿ ಉತ್ತರವನ್ನು ಇಂತಹ ಕಾಗದದ ಪಟ್ಟಿಯ ಮೇಲೆಯೇ ಅಚ್ಚೊತ್ತುತ್ತಿತ್ತು. ಅಂದಿನ ಉದ್ದೇಶ ಲೆಕ್ಕದ ಉತ್ತರವನ್ನು ಆ ಹೊತ್ತಿಗೆ ಕಾಣಿಸುವುದಷ್ಟೆ, ವರ್ಷಗಟ್ಟಲೆ ಕಾಪಿಡುವುದಲ್ಲ. ಆ ಕಾಗದವನ್ನು ದಸ್ತಾವೇಜನ್ನಾಗಿ ಮಾಡಿಕೊಂಡವರು ನಾವು.

ಯಂತ್ರವನ್ನು ಹೂಡುವ ಕ್ರಮದ ಬಗ್ಗೆಯೂ ಕೆಲವು ಮಾತು ಅವಶ್ಯ. ಮಾರುವವರು ಪೆಟ್ಟಿಗೆ ಕೊಟ್ಟು ಹೋಗುತ್ತಾರೆ. ಅದರೊಳಗಿನ ವಿವರಣೆಯ ಹಾಳೆ ಓದುವವರನ್ನು ದಿಕ್ಕುಗೆಡಿಸುವಂತಿರುತ್ತದೆ. ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಬೇಕು. ಅನಂತರ ಮುಚ್ಚಳ ತೆರೆದು ಕಾಗದದ ಸುರುಳಿಯನ್ನು ಲೇಪವಿರುವ ಮೈ ಮುದ್ರಣದ ತಲೆಗೆ ತಾಗುವಂತೆ ಇಡಬೇಕು. ಲೇಪ ಯಾವ ಕಡೆಗಿದೆಯೆಂದು ತಿಳಿಯಲು ಉಗುರಿನಿಂದ ರಭಸವಾಗಿ ಗೀಚಿದರೆ ಸಾಕು, ಕಪ್ಪು ಗೆರೆ ಬಿದ್ದ ಕಡೆಯೇ ಲೇಪದ ಕಡೆ. 'ಹೊಸ ಪ್ರಿಂಟರ್ ಕೆಟ್ಟಿದೆ, ಖಾಲಿ ಕಾಗದವೇ ಬರುತ್ತಿದೆ' ಎಂಬ ದೂರುಗಳಲ್ಲಿ ಅನೇಕವು ಸುರುಳಿಯನ್ನು ತಿರುವುಮುರುವಾಗಿ ಇಟ್ಟುದರ ಫಲ. ಕಾಗದ ಮುಂದೂಡುವ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಚಾಲೂ ಮಾಡಿದರೆ, ಬಹುಪಾಲು ಮಾದರಿಗಳಲ್ಲಿ, ತನ್ನ ವಿವರಗಳನ್ನು ತಾನೇ ಅಚ್ಚುಹಾಕುತ್ತದೆ. ಅದರಲ್ಲಿ ಬ್ಲೂಟೂತ್ ಹೆಸರೂ ಇರುತ್ತದೆ. ಈ ಚೀಟಿ ಸರಿಯಾಗಿ ಬಂದರೆ ಯಂತ್ರದಲ್ಲಿ ದೋಷವಿಲ್ಲವೆಂದೂ, ಮುಂದೆ ತೊಂದರೆಯಾದರೆ ಅದು ಮೊಬೈಲಿನ ಕಡೆಯದೆಂದೂ ತಿಳಿಯಬಹುದು.

ಮೊಬೈಲಿನಲ್ಲಿ ಜೋಡಿಸುವಾಗ ಕೇಳುವ ಗುಪ್ತಸಂಖ್ಯೆ ಸಾಮಾನ್ಯವಾಗಿ 0000 ಅಥವಾ 1234. ಜೋಡಿಸಿದ ಬಳಿಕ 'ಸಂಪರ್ಕವಿಲ್ಲ' ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಬಿಲ್ಲಿನ ಆ್ಯಪ್ ತೆರೆದು ಅದರೊಳಗೆ ಮುದ್ರಕವನ್ನು ಆರಿಸಿದಾಗಲೇ ನಿಜವಾದ ಸಂಪರ್ಕ ಏರ್ಪಡುವುದು. ಕಾಗದದ ಅಗಲವನ್ನೂ ಅಲ್ಲಿಯೇ ನಮೂದಿಸಬೇಕು. ಕೈಯಲ್ಲಿ ಒಯ್ಯುವ ಯಂತ್ರಗಳಲ್ಲಿ ಹೆಚ್ಚಿನವು 58 ಮಿಲಿಮೀಟರ್ ಅಗಲದವು; ಅಚ್ಚಾಗುವುದು 48 ಮಿಲಿಮೀಟರ್ ಮಾತ್ರ, ಸಾಲಿಗೆ 32 ಇಂಗ್ಲಿಷ್ ಅಕ್ಷರ. ಆ್ಯಪಿನಲ್ಲಿ 80 ಮಿಲಿಮೀಟರಿನ ಅಳತೆ ಉಳಿದಿದ್ದರೆ ಮೊತ್ತದ ಅಂಕಿಗಳು ಮುರಿದು ಕೆಳಗಿನ ಸಾಲಿಗೆ ಬೀಳುತ್ತವೆ, ಗಿರಾಕಿಗೆ ಅನುಮಾನ ಹುಟ್ಟುತ್ತದೆ. ಎರಡು ಗಾಡಿಗಳಿದ್ದವರು ಪ್ರತಿ ಗಾಡಿಯ ಬಿಲ್ಲಿಗೂ ಪ್ರತ್ಯೇಕ ಸರಣಿಯ ಕ್ರಮಸಂಖ್ಯೆ ಕೊಡಬೇಕು. ಜಿಎಸ್‌ಟಿ ನಿಯಮ 46ರಂತೆ ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶವಿದೆ, ಸಂಖ್ಯೆ ಮಾತ್ರ 16 ಅಕ್ಷರಗಳನ್ನು ಮೀರಬಾರದು. ಮುದ್ರಣದಲ್ಲಿ ಉದ್ದಕ್ಕೆ ಬಿಳಿ ಗೆರೆ ಕಂಡರೆ ತಲೆಗೆ ಧೂಳು ಹಿಡಿದಿದೆಯೆಂದು ತಿಳಿದು, ಯಂತ್ರ ಆರಿಸಿ ತಲೆ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಬೇಕು. ಬೇಸಗೆಯಲ್ಲಿ ಗಾಡಿಯ ಗಾಜಿನಡಿ ಯಂತ್ರವನ್ನು ಬಿಟ್ಟುಹೋಗುವ ಅಭ್ಯಾಸ ಬ್ಯಾಟರಿಗೂ ಕೇಡು, ಕಾಗದಕ್ಕೂ ಕೇಡು.

ಕನ್ನಡದ ವಿಷಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಈ ಅಗ್ಗದ ಯಂತ್ರಗಳ ಒಳಗೆ ಸಾಮಾನ್ಯವಾಗಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಕನ್ನಡದಲ್ಲಿ ಸಾಮಾನಿನ ಹೆಸರು ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ಆದರೆ ಇದಕ್ಕೆ ಉಪಾಯವಿಲ್ಲವೆಂದು ಮಾರಾಟಗಾರರು ಹೇಳುವುದನ್ನು ನಂಬಬೇಕಿಲ್ಲ. ಮೊಬೈಲಿನಲ್ಲಿಯೇ ಬಿಲ್ಲನ್ನು ಚಿತ್ರವಾಗಿ ರೂಪಿಸಿ ಯಂತ್ರಕ್ಕೆ ಕಳುಹಿಸಿದರೆ ಒತ್ತಕ್ಷರಗಳ ಸಮೇತ ಕನ್ನಡ ಅಚ್ಚುಕಟ್ಟಾಗಿ ಮೂಡುತ್ತದೆ. ವೇಗ ಸ್ವಲ್ಪ ಕುಗ್ಗುತ್ತದೆ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿ ಬಂದುದನ್ನು ನಾವೆಲ್ಲ ಬಲ್ಲೆವು. ಫಲಕದ ಕೆಳಗೆ ನಿಂತು ನಾವು ಕೊಡುವ ಬಿಲ್ಲಿನಲ್ಲಿ ಒಂದಕ್ಷರವೂ ಕನ್ನಡವಿಲ್ಲದಿರುವುದು ವಿಚಿತ್ರ. ತಾನು ಓದಲಾರದ ಬಿಲ್ಲಿಗೆ ರುಜು ಹಾಕುವ ಗಿರಾಕಿಯ ಪಾಲಿಗೆ ಅದು ಅಳಿಸಿಹೋಗುವ ಮೊದಲೇ ಖಾಲಿ ಹಾಳೆ. ಆ್ಯಪ್ ಕೊಳ್ಳುವ ಮುನ್ನ ಕನ್ನಡದ ಬಿಲ್ಲೊಂದನ್ನು ಕಣ್ಣೆದುರಿಗೆ ಮುದ್ರಿಸಿ ತೋರಿಸುವಂತೆ ಕೇಳಿರಿ. ತೋರಿಸಲಾರದವರಿಗೆ ಹಣ ಕೊಡಬೇಡಿರಿ.

ಇನ್ನು ಮುಖ್ಯ ವಿಷಯ. ಸಾಧಾರಣ ಥರ್ಮಲ್ ಕಾಗದದ ಅಚ್ಚು ಬಿಸಿಲು, ಶಾಖ, ಎಣ್ಣೆಯ ಕೈ, ಸ್ಯಾನಿಟೈಜರ್ ಇವುಗಳಿಂದ ಮಾಸುತ್ತದೆ. ಜೋಪಾನ ಮಾಡುತ್ತೇವೆಂದು ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೂ, ಆ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ರಾಸಾಯನಿಕ ಸೋರಿ ಅಕ್ಷರಗಳನ್ನು ತಿನ್ನುತ್ತದೆ. ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಇಡೀ ಚೀಟಿಯೇ ಕಪ್ಪಾಗುತ್ತದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಇರಿಸಿಕೊಳ್ಳಬೇಕೆನ್ನುತ್ತದೆ. 2024ರ ಏಪ್ರಿಲಿನಲ್ಲಿ ಕೊಟ್ಟ ಬಿಲ್ಲಿನ ವಿವರಪಟ್ಟಿಗೆ ಗಡುವು 2025ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ ಎಂದರೆ 2031ರ ಡಿಸೆಂಬರ್ ಅಂತ್ಯ. ಒಂದು ಬೇಸಗೆ ದಾಟದ ಕಾಗದವನ್ನು ಏಳೂವರೆ ವರ್ಷಕ್ಕೂ ಮೀರಿ ಕಾಪಾಡುವ ಹೊಣೆಯನ್ನು ನಾವು ಹೊತ್ತಿದ್ದೇವೆ. ಲೆಕ್ಕವನ್ನು ವಿದ್ಯುನ್ಮಾನ ರೂಪದಲ್ಲಿ ಇಡಲು 35ನೆಯ ಕಲಮು ಅವಕಾಶ ಕೊಟ್ಟಿದೆ. ಆದಕಾರಣ ಮಾರಾಟದ ಬಿಲ್ಲುಗಳ ನಿಜವಾದ ದಾಖಲೆ ಮೊಬೈಲಿನ ಹೊರಗೆ, ಕಚೇರಿಯ ಗಣಕಯಂತ್ರದಲ್ಲಿ, ಅದರ ಇನ್ನೊಂದು ಪ್ರತಿ ಬೇರೆಡೆಯಲ್ಲಿ ಇರಲೇಬೇಕು. ನಾವು ಕೊಂಡ ಸರಕಿಗೆ ಥರ್ಮಲ್ ಬಿಲ್ಲು ಬಂದಿದ್ದರೆ ಅಂದೇ ಜೆರಾಕ್ಸ್ ಮಾಡಿಸಿ ಮೂಲದೊಡನೆ ಸೇರಿಸಿಡುವುದು ಲೇಸು. ಹೂಡುವಳಿ ತೆರಿಗೆಯ ಜಮೆ ಪಡೆಯಲು ಬಿಲ್ಲು ನಮ್ಮ ವಶದಲ್ಲಿರಬೇಕೆಂಬುದು ಕಾಯಿದೆಯ ಷರತ್ತು, ಬಿಳಿಯ ಚೀಟಿ ಬಿಲ್ಲಲ್ಲ.

ಇದು ಕೇವಲ ದೊಡ್ಡವರ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಮೊತ್ತಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಎದ್ದ ಗೊಂದಲ ಎಲ್ಲರಿಗೂ ನೆನಪಿದೆ. ಬ್ಯಾಂಕಿನ ಖಾತೆಯಲ್ಲಿ ಕಾಣುವುದು ಬಂದ ಹಣ ಮಾತ್ರ. ಅದರಲ್ಲಿ ಹಾಲು, ತರಕಾರಿಯಂತಹ ತೆರಿಗೆಯಿಲ್ಲದ ಸರಕಿನದೆಷ್ಟು, ಕೈಗಡ ಹಿಂದಿರುಗಿದುದೆಷ್ಟು ಎಂಬುದನ್ನು ಖಾತೆ ಹೇಳುವುದಿಲ್ಲ. ಅದನ್ನು ಹೇಳಬಲ್ಲುದು ಬಿಲ್ಲು. ಸಣ್ಣ ಕೈಗಾರಿಕೆಯವರಿಗೂ ಅಷ್ಟೆ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ತೆರಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ವಿಧಿಸಿದೆ. ದಿನಗಳ ಎಣಿಕೆ ಮಾಲು ಸ್ವೀಕರಿಸಿದಂದಿನಿಂದ. ಆ ದಿನಾಂಕವಿರುವ ಸ್ವೀಕೃತಿಯ ಚೀಟಿಯೇ ಮಾಸಿಹೋದರೆ ಯಾವ ದಿನದಿಂದ ಎಣಿಸುವುದು?

ಆರೋಗ್ಯದ ಬಗ್ಗೆಯೂ ಒಂದು ಮಾತು. ಕಾಗದವನ್ನು ಕಪ್ಪಾಗಿಸುವ ರಾಸಾಯನಿಕವಾಗಿ ಬಹುಕಾಲ ಬಳಕೆಯಲ್ಲಿದ್ದುದು ಬಿಸ್ಫೆನಾಲ್ ಎ. ಐರೋಪ್ಯ ಒಕ್ಕೂಟವು 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ಅದರ ಪ್ರಮಾಣವನ್ನು ತೂಕದ ಶೇ. 0.02ಕ್ಕಿಂತ ಕೆಳಗೆ ಇಳಿಸಿದೆ. ದಿನವಿಡೀ ಬಿಲ್ಲು ಹರಿದುಕೊಡುವ ಹುಡುಗರಿಗೆ ಆ ಕೈಯಲ್ಲೇ ಊಟ ಮಾಡದಂತೆ ಹೇಳಿದರೆ ನಮಗೇನೂ ಖರ್ಚಿಲ್ಲ.

ನಮ್ಮಲ್ಲಿ ಈಗ ನಗದು ವ್ಯಾಪಾರಕ್ಕೆ ಯಂತ್ರದ ಬಿಲ್ಲು. ಉದ್ದರಿಗೆ, ವಾಪಸಾತಿಗೆ ಕಾರ್ಬನ್ ಹಾಳೆಯಿಟ್ಟ ಪುಸ್ತಕ. ಗಾಡಿ ಸಂಜೆ ಹಿಂದಿರುಗಿದೊಡನೆ ಮೊಬೈಲಿನ ಬಿಲ್ಲುಗಳು ಕಚೇರಿಗೆ ಇಳಿದ ಮೇಲೆಯೇ ಹುಡುಗನಿಗೆ ಬಿಡುಗಡೆ. ಇದು ಹಿಂದಕ್ಕೆ ನಡೆದಂತಾಯಿತೆಂದು ನನ್ನ ಮಗನ ಆಕ್ಷೇಪಣೆ. ದೀರ್ಘಬಾಳಿಕೆಯ ಮೇಲ್ಲೇಪವಿರುವ ಕಾಗದ ತರಿಸಿದರೆ ಸಾಕೆಂದು ಅವನ ವಾದ. ಅಂತಹ ಕಾಗದ ಇರುವುದು ನಿಜ; ಬಿಸಿಲಿಗೆ ಎದುರಾದ ಕಂಬಿಯ ಮೇಲೆ ಅದೆಷ್ಟು ದಿನ ನಿಲ್ಲುವುದೆಂದು ಈ ಬೇಸಗೆಯಲ್ಲಿ ನಮ್ಮ ಅಂಗಡಿಯ ಬಾಗಿಲಲ್ಲೇ ಒಂದು ಚೀಟಿ ತೂಗುಹಾಕಿ ಪರೀಕ್ಷಿಸುತ್ತಿದ್ದೇವೆ. ಆ ಹಿರಿಯರು ಮತ್ತೆ ರುಜು ಹಾಕುತ್ತಿದ್ದಾರೆ, ಕಾರ್ಬನ್ ಪುಸ್ತಕದಲ್ಲಿ. ಹಾಕುವ ಮುನ್ನ ಹಾಳೆಯ ಅಂಚನ್ನು ಉಗುರಿನಿಂದ ಒಮ್ಮೆ ಗೀಚಿ ನೋಡುತ್ತಾರೆ.