ಕಲಾಯಿಯೋ, ಕೌದಿಯೋ?

ಧಾರವಾಡದ ನಮ್ಮ ಓಣಿಗೆ, ನಾನು ಚಿಕ್ಕವಳಿದ್ದಾಗ, ವರುಷಕ್ಕೆ ಒಂದೆರಡು ಬಾರಿ ಕಲಾಯಿ ಹಾಕುವವನು ಬರುತ್ತಿದ್ದ. ನೆಲದಲ್ಲಿ ಗುಳಿ ತೋಡಿ, ಇದ್ದಿಲು ಹೊತ್ತಿಸಿ, ತಿದಿಯೊತ್ತಿ, ಕಾದ ಹಿತ್ತಾಳೆಯ ಪಾತ್ರೆಯೊಳಗೆ ನವಸಾಗರ ಉದುರಿಸಿ, ತವರವನ್ನು ಅರಿವೆಯಿಂದ ಸವರಿದನೆಂದರೆ ಕಪ್ಪಿಟ್ಟ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದೇ ಮನೆಯ ಪಡಸಾಲೆಯಲ್ಲಿ ನಮ್ಮಜ್ಜಿ ಹರಿದ ಇಳಕಲ್ ಸೀರೆಗಳನ್ನೂ ಜೂನಾದ ಧೋತರಗಳನ್ನೂ ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಗಟ್ಟಿಯಾದ ಪಾತ್ರೆಯನ್ನು ಅಜ್ಜಿ ಗುಜರಿಗೆ ಹಾಕಿದ್ದಿಲ್ಲ; ಸವೆದು ಜಾಳಾದ ಸೀರೆಗೆ ತೇಪೆಯ ಮೇಲೆ ತೇಪೆ ಹಾಕುತ್ತ ಕುಳಿತದ್ದೂ ಇಲ್ಲ. ಯಾವುದು ದುರಸ್ತಿಗೆ ಯೋಗ್ಯ, ಯಾವುದನ್ನು ಬಿಚ್ಚಿ ಬೇರೊಂದಕ್ಕೆ ಬಳಸಬೇಕು ಎಂಬ ವಿವೇಕ ಆಕೆಗಿತ್ತು. ಅಮೆರಿಕದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ನನ್ನಲ್ಲಿ ಆ ವಿವೇಕ ಎಷ್ಟು ಉಳಿದಿದೆ ಎಂಬುದನ್ನು ಮಾರಿಸ್‌ವಿಲ್‌ನ ನಮ್ಮ ಗ್ಯಾರೇಜಿನಲ್ಲಿದ್ದ ಒಂದು ಹಳೆಯ ಯಂತ್ರ ಕಳೆದ ವಸಂತದಲ್ಲಿ ಪರೀಕ್ಷೆಗೆ ಹಚ್ಚಿತು.

ಆ ಯಂತ್ರಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಹೊರಗಿನ ಯಾವುದೇ ನಾದದ ತುಣುಕನ್ನು ಅಂಕಿಗಳ ರೂಪದಲ್ಲಿ ಹಿಡಿದಿಟ್ಟುಕೊಂಡು, ಬಿಳಿ–ಕಪ್ಪು ಕೀಗಳನ್ನು ಒತ್ತಿದಾಗ ಅದನ್ನು ಬೇಕಾದ ಸ್ವರದಲ್ಲಿ ಮರಳಿ ನುಡಿಸುವ ವಾದ್ಯ ಅದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1979ರಲ್ಲಿ ಬಂದ ಫೇರ್‌ಲೈಟ್, ಕ್ಯಾಲಿಫೋರ್ನಿಯಾದಲ್ಲಿ 1981ರಲ್ಲಿ ಬಂದ ಎಮ್ಯುಲೇಟರ್ ಈ ಕುಲದ ಮೊದಲಿಗರು. ಅವು ಶ್ರೀಮಂತರ ಸ್ಟುಡಿಯೋಗಳಿಗೆ ಮಾತ್ರ ನಿಲುಕುತ್ತಿದ್ದವು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮಂಥವರೂ ಕೊಳ್ಳಬಹುದಾದ ಸ್ಯಾಂಪ್ಲರುಗಳು ಅಂಗಡಿಗೆ ಬಂದವು. ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು ಎಪ್ಪತ್ತರ ದಶಕದ ಕೊನೆಗೆ ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು ನಮ್ಮ ಸಂಗೀತದ ಮನೆಗಳಿಗೆಲ್ಲ ಗೊತ್ತಿರುವ ಸಂಗತಿ. ಮನುಷ್ಯರು ಸಿಗದ ಕಡೆ ಶ್ರುತಿಗೂ ತಾಳಕ್ಕೂ ಯಂತ್ರವನ್ನು ನೆಚ್ಚುವ ಅದೇ ಅಗತ್ಯ ನಮ್ಮನ್ನೂ ಸ್ಯಾಂಪ್ಲರಿನ ಬಳಿಗೆ ಕರೆದೊಯ್ದಿತ್ತು.

ನಾನು ಮದುವೆಯಾಗಿ ಈ ಊರಿಗೆ ಬಂದದ್ದು 1995ರಲ್ಲಿ. ಇಂದಿನ ಮಾರಿಸ್‌ವಿಲ್ ನೋಡಿದವರು ಅಂದಿನದನ್ನು ಊಹಿಸಲಾರರು. 2000ದ ಜನಗಣತಿಯಲ್ಲೂ ಇಲ್ಲಿದ್ದವರು 5,208 ಜನ. 2020ರಲ್ಲಿ ಆ ಸಂಖ್ಯೆ 29,630ಕ್ಕೆ ಏರಿತು. ಆಗ ನಮ್ಮ ಸುಗಮ ಸಂಗೀತದ ಬಳಗದಲ್ಲಿ ಹಾಡುವವರಿದ್ದರು, ಹಾರ್ಮೋನಿಯಂ ಇತ್ತು; ತಬಲಾ ನುಡಿಸುವವರು ಬೇಕಾದರೆ ಅಟ್ಲಾಂಟಾದಿಂದ ಕರೆಸಿಕೊಳ್ಳಬೇಕಾಗಿತ್ತು. ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ರಾಲಿಯ ವಾದ್ಯದಂಗಡಿಯೊಂದರಲ್ಲಿ ಈ ಸ್ಯಾಂಪ್ಲರನ್ನು ಸೆಕೆಂಡ್ ಹ್ಯಾಂಡಿಗೆ ತಂದರು. 1997ರ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಹಲಗೆ, ಜಾಗಟೆ, ಕರಡಿ ಮಜಲು ಇವುಗಳ ಸದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದು ಅದರೊಳಗೆ ಇಳಿಸಿದರು. ಹಾಗೆಯೇ ನಮ್ಮ ಅತ್ತೆಯವರ ತಂಬೂರಿಯ ನಾದವನ್ನೂ.

ಅತ್ತೆಯವರು ವೇದಿಕೆ ಹತ್ತಿದವರಲ್ಲ. ಆದರೆ ಧಾರವಾಡದ ಗಾಳಿ ಉಸಿರಾಡಿದವರು. ಬೆಳಗಿನ ಹೊತ್ತು ಮೀರಜಿನ ಒಂದು ಹಳೆಯ ತಂಬೂರಿಯನ್ನು ಹಿಡಿದು ಕೂಡ್ರುವುದು ಅವರಿಗೆ ಪೂಜೆಯಷ್ಟೇ ನಿಯಮವಾಗಿತ್ತು. ನಾಲ್ಕು ತಂತಿಗಳ ಒಂದು ಸುತ್ತು, ಕೆಲವೇ ಸೆಕೆಂಡುಗಳು. ಆ ಕಾಲದ ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದುದೂ ಅಷ್ಟೇ. ಅದರ ತುದಿಯನ್ನು ಮೊದಲಿಗೆ ಜೋಡಿಸಿದರೆ ನಾದ ನಿಲ್ಲದೆ ಹರಿಯುತ್ತದೆ. ಧ್ವನಿಮುದ್ರಣದ ಹೊತ್ತಿಗೆ ಅವರ ಬಳೆ ಒಮ್ಮೆ ಸಣ್ಣಗೆ ಕಿಣಿಕಿಣಿಯೆಂದಿತ್ತು. ಅದನ್ನು ಕತ್ತರಿಸಿ ತೆಗೆಯಲು ಯಜಮಾನರು ಎಷ್ಟು ಹೆಣಗಿದರೂ ಆಗಲಿಲ್ಲ. ಹೀಗಾಗಿ ನಮ್ಮ ಬಳಗ ಹಾಡಿದಲ್ಲೆಲ್ಲ, ಯುಗಾದಿಯಿರಲಿ ರಾಜ್ಯೋತ್ಸವವಿರಲಿ, ತಂಬೂರಿಯ ಒಂದೊಂದು ಸುತ್ತಿಗೂ ಅತ್ತೆಯವರ ಬಳೆ ಒಂದೊಂದು ಸಲ ಕಿಣಿಕಿಣಿ ಎನ್ನುತ್ತಿತ್ತು.

2004ರಲ್ಲಿ ಅತ್ತೆಯವರು ತೀರಿಕೊಂಡರು. ತಂಬೂರಿಯನ್ನು ಗೆದ್ದಲು ತಿಂದಿತು. ಮೂಲ ಕ್ಯಾಸೆಟ್ಟಿನ ಮೇಲೆ ನಾನೇ, ನೋಡದೆ, ಮಗಳಿಗಾಗಿ ಶಿಶುಗೀತೆಗಳನ್ನು ತುಂಬಿಬಿಟ್ಟಿದ್ದೆ. 2006ರ ಸುಮಾರಿಗೆ ಬಳಗವೂ ಚದುರಿ ಸ್ಯಾಂಪ್ಲರು ಗ್ಯಾರೇಜು ಸೇರಿತು. ಕೆರೊಲಿನಾದ ಬೇಸಿಗೆಯ ಧಗೆ, ಮಳೆಗಾಲದಂಥ ತೇವ, ಇಲಿಯ ಹಿಕ್ಕೆ ಎಲ್ಲವನ್ನೂ ಅದು ಉಂಡಿತು.

ಕಳೆದ ವಸಂತದಲ್ಲಿ ಹೊರತೆಗೆದು ಸ್ವಿಚ್ ಒತ್ತಿದರೆ ಒಳಗೆಲ್ಲೋ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಅಕ್ಷರ ಮೂಡುವ ಪರದೆ ಕತ್ತಲೆ. ಆಗ ಮನೆಯಲ್ಲಿ ಮೂರು ಅಭಿಪ್ರಾಯಗಳಾದವು. ಯಜಮಾನರು, "ಇಂದಿನ ಫೋನೊಂದು ಇದರ ನೂರರಷ್ಟು ಕೆಲಸ ಮಾಡುತ್ತದೆ, ತೆಗೆದುಹಾಕೋಣ" ಎಂದರು. ಅಟ್ಲಾಂಟಾದ ನಮ್ಮ ಹಳೆಯ ಮಿತ್ರರೊಬ್ಬರ ಬಳಿ ಇದೇ ಮಾದರಿಯ ಇನ್ನೊಂದು ಯಂತ್ರವಿದೆ. ಅವರು, "ವೈನಿ, ನನಗೆ ಅದರ ಪರದೆಯೂ ಕೀಗಳೂ ಬೇಕಾಗಿವೆ, ಬಿಚ್ಚಿ ಕೊಡುವುದಾದರೆ ಬಂದು ಒಯ್ಯುತ್ತೇನೆ" ಎಂದು ಫೋನು ಮಾಡಿದರು. ನಾನು ಮಾತ್ರ, ಏನಾದರಾಗಲಿ ರಿಪೇರಿ ಮಾಡಿಸಲೇಬೇಕು ಎಂದು ಹಟ ಹಿಡಿದೆ. ಅತ್ತೆಯವರ ಬಳೆ ಆ ಪೆಟ್ಟಿಗೆಯೊಳಗಿದೆ ಎಂಬುದು ನನ್ನ ವಾದ.

ನನ್ನ ವಾದದ ತಪ್ಪನ್ನು ಮಗಳು ತೋರಿಸಿಕೊಟ್ಟಳು. "ಅಮ್ಮಾ, ಅಜ್ಜಿಯ ನಾದ ಪೆಟ್ಟಿಗೆಯಲ್ಲಿಲ್ಲ, ಫ್ಲಾಪಿಯಲ್ಲಿದೆ" ಎಂದಳು. ನಿಜ. ಈ ಯಂತ್ರಗಳ ನೆನಪು ಸ್ವಿಚ್ ಆರಿಸಿದೊಡನೆ ಬರಿದಾಗುತ್ತದೆ. ಪ್ರತಿ ಸಲವೂ ಫ್ಲಾಪಿಯಿಂದ ಎಲ್ಲವನ್ನೂ ಹೊಸದಾಗಿ ಉಣಿಸಬೇಕು. ನಾನು ದುರಸ್ತಿ ಮಾಡಿಸಹೊರಟದ್ದು ಪಾತ್ರೆಯನ್ನು. ಉಳಿಸಬೇಕಾದದ್ದು ಅದರೊಳಗಿನ ಅನ್ನವನ್ನು. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಬಹಳಷ್ಟು ಮನೆಗಳಲ್ಲಿ ತೀರ್ಮಾನ ತಪ್ಪುವುದು ಇವೆರಡನ್ನು ಕಲಸಿಬಿಡುವುದರಿಂದ ಎಂದು ಈಗ ನನಗೆ ಅನ್ನಿಸುತ್ತದೆ. ಯಂತ್ರವೇ ನೆನಪು ಎಂದುಕೊಂಡವರು ಹಾಳಾದ ಪೆಟ್ಟಿಗೆಯನ್ನು ದೇವರ ಹಾಗೆ ಕೂಡ್ರಿಸುತ್ತಾರೆ. ಯಂತ್ರ ಕೆಟ್ಟಿತೆಂದು ಸಿಟ್ಟಾದವರು ನೆನಪನ್ನೂ ಸೇರಿಸಿ ಎಸೆಯುತ್ತಾರೆ.

ಆದುದರಿಂದ ಮೊದಲ ಕೆಲಸ ಫ್ಲಾಪಿಗಳದ್ದು. ಅವು ಕಾಯುವುದಿಲ್ಲ. ಪ್ರಸಿದ್ಧ ತಯಾರಕರಾದ ಸೋನಿಯವರೇ 2011ರಲ್ಲಿ ಫ್ಲಾಪಿಯ ಮಾರಾಟ ನಿಲ್ಲಿಸಿದರು. ಇರುವ ಫ್ಲಾಪಿಗಳ ಕಾಂತಶಕ್ತಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ, ತೇವವಿದ್ದಲ್ಲಿ ಬೂಸು ಹಿಡಿಯುತ್ತದೆ. ಬೂಸು ಹಿಡಿದ ಫ್ಲಾಪಿಯನ್ನು ಧೂಳು ತುಂಬಿದ ಡ್ರೈವಿಗೆ ತುರುಕಿದರೆ ಓದುವ ಹೆಡ್ಡೇ ಅದರ ಮೇಲ್ಮೈಯನ್ನು ಹೆರೆದುಬಿಡಬಹುದು. ಮಗಳು ಹಾಗೆ ಮಾಡಲಿಲ್ಲ. ಫ್ಲಾಪಿಯ ಮೇಲಿನ ಕಾಂತದ ಗುರುತುಗಳನ್ನು ಇದ್ದಂತೆ ಓದಿ ಕಂಪ್ಯೂಟರಿಗೆ ಇಳಿಸುವ ಅಂಗೈಯಗಲದ ಸಾಧನವೊಂದು ಈಗ ಅಗ್ಗವಾಗಿ ದೊರೆಯುತ್ತದೆ. ಅದಕ್ಕೆ ಚೊಕ್ಕಟವಾದ ಬೇರೊಂದು ಡ್ರೈವನ್ನು ಜೋಡಿಸಿದಳು. ಯಜಮಾನರ ಕೈಬರಹದ ಚೀಟಿ ಅಂಟಿಸಿದ ಹನ್ನೊಂದು ಫ್ಲಾಪಿಗಳಲ್ಲಿ ಒಂಬತ್ತು ಮಾತಾಡಿದವು. ಹಲಗೆಯದೂ ಜಾಗಟೆಯದೂ ಹೋದವು. 'ಅವ್ವನ ತಂಬೂರಿ' ಎಂದು ಬರೆದಿದ್ದ ಫ್ಲಾಪಿ ಉಳಿದಿತ್ತು. ನಡುವೆ ಒಂದು ಕಡೆ ಚಟ್ಟೆಂಬ ಸದ್ದು ಸೇರಿಕೊಂಡಿದೆ. ಬಳೆ ಹಾಗೆಯೇ ಇದೆ. ತೆಗೆದುಹಾಕೋಣ ಎಂದಿದ್ದ ಯಜಮಾನರು ಅಂದು ರಾತ್ರಿ ಅದನ್ನು ಬಹಳ ಹೊತ್ತು ಕೇಳುತ್ತ ಕುಳಿತಿದ್ದರು.

ಇನ್ನು ಪೆಟ್ಟಿಗೆಯ ಪ್ರಶ್ನೆ. ಇಲ್ಲಿಯೂ ಅವಸರ ಸಲ್ಲದು. ಸತ್ತಂತೆ ಕಾಣುವ ಹಳೆಯ ಯಂತ್ರಗಳಲ್ಲಿ ಅನೇಕವು ನಿಜವಾಗಿ ಸತ್ತಿರುವುದಿಲ್ಲ. ಸುಟ್ಟ ಫ್ಯೂಜು, ಒಣಗಿದ ಕೆಪಾಸಿಟರುಗಳು, ಡ್ರೈವಿನೊಳಗೆ ಅಂಟಂಟಾದ ರಬ್ಬರ್ ಪಟ್ಟಿ, ವಯಸ್ಸಾಗಿ ಬೆಳಕು ಕಳೆದುಕೊಂಡ ಪರದೆ: ಇವೆಲ್ಲ ಕಲಾಯಿ ಹಾಕಿಸಿದಂಥ ರಿಪೇರಿಗಳು, ತಕ್ಕ ಕೈಗೆ ಕೊಟ್ಟರೆ ಆಗುವಂಥವು. ಆದರೆ ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಒಂದು ಎಚ್ಚರಿಕೆ: ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ ಪೂರೈಕೆಯ ಭಾಗದ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ನಾವು ಬಲ್ಲವರೊಬ್ಬರ ಬಳಿ ಒಯ್ದು ಬಿಚ್ಚಿಸಿದೆವು. ಕೆಪಾಸಿಟರುಗಳ ದೋಷ ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಆದರೆ ಒಳಗಿನ ಹಳೆಯ ಬ್ಯಾಟರಿ ಸೋರಿ ಮುಖ್ಯ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕಿತ್ತು. ಆ ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸದೆ ಇಪ್ಪತ್ತು ವರ್ಷ ಮರೆತವರು ನಾವೇ. ಒಂದೊಂದು ಗೆರೆಯನ್ನೂ ತಂತಿಯಿಂದ ಬೆಸೆಯಲು ನಾಲ್ಕುನೂರು ಡಾಲರಿನ ಅಂದಾಜು ಹೇಳಿದರು; ಆಮೇಲೂ ನಡೆಯುತ್ತದೆಂಬ ಭರವಸೆ ಕೊಡಲಾರೆ ಎಂದರು. ಅವರ ಪ್ರಾಮಾಣಿಕತೆಗೆ ನಾನು ಋಣಿ.

ಹಣವೇ ಮುಖ್ಯವೆಂದು ನಾನು ಹೇಳುವುದಿಲ್ಲ. ನಾಲ್ಕುನೂರು ಡಾಲರನ್ನು ನಾವು ಒಂದು ಸೀರೆಗೆ ಕೊಟ್ಟದ್ದುಂಟು. ನಾನು ನನ್ನನ್ನೇ ಕೇಳಿಕೊಂಡ ಪ್ರಶ್ನೆ ಬೇರೆ: ದುರಸ್ತಿಯಾದರೆ ಇದನ್ನು ನುಡಿಸುವವರು ಯಾರು? ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಟ್ಲಾಂಟಾದ ಮಿತ್ರರು ಇಂದಿಗೂ ವಾರಕ್ಕೊಮ್ಮೆ ಮಕ್ಕಳಿಗೆ ಭಾವಗೀತೆ ಹೇಳಿಕೊಡುತ್ತಾರೆ. ಪರದೆ ಕಾಣದೆ, ನಾಲ್ಕು ಕೀಗಳು ಮೂಕವಾಗಿದ್ದರೂ ತಮ್ಮ ಯಂತ್ರವನ್ನು ಅಂದಾಜಿನ ಮೇಲೆ ನುಡಿಸುತ್ತಾರೆ. ಇಂಥ ಬಿಡಿಭಾಗಗಳು ಈಗ ಹೊಸದಾಗಿ ಸಿಗುವುದು ಕಷ್ಟ. ಒಂದು ಯಂತ್ರ ಉಳಿಯಬೇಕಾದರೆ ಅನೇಕ ಸಲ ಇನ್ನೊಂದು ತನ್ನ ಅಂಗಗಳನ್ನು ಕೊಡಬೇಕಾಗುತ್ತದೆ. ಒಂದು ಮಾತನ್ನು ಒಪ್ಪುತ್ತೇನೆ: ಹಳೆಯ ಸ್ಯಾಂಪ್ಲರಿನಿಂದ ಹೊರಡುವ ನಾದಕ್ಕೆ ಒಂದು ಒರಟು, ಒಂದು ಬಿಸುಪು ಇರುತ್ತದೆ, ಕಂಪ್ಯೂಟರಿನಲ್ಲಿ ಅದೇ ತುಣುಕು ಅಷ್ಟು ಚೆನ್ನಾಗಿ ಕೇಳುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆ ಬಿಸುಪು ಉಳಿಯುವುದು ಯಂತ್ರ ನುಡಿಯುವ ಮನೆಯಲ್ಲೇ ಹೊರತು ನಮ್ಮ ಗ್ಯಾರೇಜಿನಲ್ಲಿ ಅಲ್ಲ. ಎರಡು ಮೂಕ ಪೆಟ್ಟಿಗೆಗಳಿಗಿಂತ ಹಾಡುವ ಒಂದು ಮೇಲು. ಪಾತ್ರೆಯೆಂದು ನಾನು ನಂಬಿದ್ದು ಸೀರೆಯಾಗಿತ್ತು. ಅದಕ್ಕೆ ಕಲಾಯಿ ಅಲ್ಲ, ಕೌದಿಯೇ ಸರಿ.

ಮಿತ್ರರು ಬಂದು ಪರದೆ, ಕೀಗಳು, ಡ್ರೈವಿನ ಮೋಟಾರು ಒಯ್ದರು. ನಾನು ಹಣ ಕೇಳಲಿಲ್ಲ. ಒಂದು ಷರತ್ತು ಹಾಕಿದೆ. 'ಅವ್ವನ ತಂಬೂರಿ'ಯನ್ನು ಹೊಸ ಫ್ಲಾಪಿಗೆ ಇಳಿಸಿ ಕೊಟ್ಟು, "ಮಕ್ಕಳು ಹಾಡುವಾಗ ಇದನ್ನು ಹಾಕಿರಿ, ಬಳೆಯ ಸದ್ದನ್ನು ತೆಗೆಯಬೇಡಿರಿ" ಎಂದೆ. ಬರಿದಾದ ಕವಚವನ್ನೂ ಕೆಟ್ಟ ಬೋರ್ಡನ್ನೂ ವೇಕ್ ಕೌಂಟಿಯ ಇಲೆಕ್ಟ್ರಾನಿಕ್ ತ್ಯಾಜ್ಯದ ಕೇಂದ್ರಕ್ಕೆ ಒಯ್ದುಕೊಟ್ಟೆವು. ನಾರ್ತ್ ಕೆರೊಲಿನಾದಲ್ಲಿ 2011ರ ಜುಲೈಯಿಂದ ಟೀವಿ, ಕಂಪ್ಯೂಟರುಗಳನ್ನು ಕಸದ ಗುಂಡಿಗೆ ಹಾಕುವುದು ನಿಷಿದ್ಧ. ಸೀಸವೂ ಬ್ಯಾಟರಿಯ ವಿಷವೂ ಇರುವ ಯಾವ ಬೋರ್ಡಿಗಾದರೂ ನಾವು ಅದೇ ನಿಯಮವನ್ನು ಪಾಲಿಸುವುದು ಒಳ್ಳೆಯದು.

ಬಂಧುಗಳೇ, ಇದು ನಮ್ಮೊಂದು ಮನೆಯ ಕಥೆಯಲ್ಲ. ಈ ಪುಟ ಓದುವ ನಿಮ್ಮ ನೆಲಮಾಳಿಗೆಯಲ್ಲೂ ನಿಂತ ಶ್ರುತಿಪೆಟ್ಟಿಗೆ, ಕೆಟ್ಟ ಟೇಪ್ ರೆಕಾರ್ಡರ್, ವೀಡಿಯೋ ಕ್ಯಾಸೆಟ್ಟುಗಳ ರಟ್ಟಿನ ಡಬ್ಬ ಇದ್ದೇ ಇರಬೇಕು. ನಮ್ಮ ಸಂಘಗಳ ಕಪಾಟುಗಳಲ್ಲಿ ಮೊದಮೊದಲಿನ ನಾಟಕಗಳೂ, ಊರಿನಿಂದ ಬಂದ ಹಿರಿಯರ ಭಾಷಣಗಳೂ ಅದೇ ಸ್ಥಿತಿಯಲ್ಲಿವೆ. ಸಂಸ್ಕೃತಿಯನ್ನು ಉಳಿಸಬೇಕು ಎಂದು ಎರಡು ವರ್ಷಕ್ಕೊಮ್ಮೆ ಸಾವಿರಾರು ಜನ ಸೇರಿ ಹೇಳುತ್ತೇವೆ. ಹೇಳಿ ಮನೆಗೆ ಹೋದ ಮೇಲೆ ಡಬ್ಬ ಅಲ್ಲೇ ಇರುತ್ತದೆ, ಬೂಸು ಬೆಳೆಯುತ್ತಿರುತ್ತದೆ. ಮುಚ್ಚಿಟ್ಟದ್ದು ಉಳಿದದ್ದಲ್ಲ.

2009ರಲ್ಲಿ ಆಮ್‌ಸ್ಟರ್ಡ್ಯಾಮಿನಲ್ಲಿ ರಿಪೇರಿ ಕೆಫೆ ಎಂಬ ಪದ್ಧತಿ ಮೊದಲಾಯಿತು. ಕೆಟ್ಟ ಸಾಮಾನು ತಂದವರೂ ರಿಪೇರಿ ಬಲ್ಲವರೂ ಒಂದೇ ಮೇಜಿಗೆ ಕುಳಿತು ಚಹಾ ಕುಡಿಯುತ್ತ ಸರಿಪಡಿಸಿಕೊಳ್ಳುತ್ತಾರೆ. ಮುಂದಿನ ಸಮ್ಮೇಳನಗಳಲ್ಲಿ ಸೀರೆ, ಒಡವೆ, ನಿವೇಶನಗಳ ಮಳಿಗೆಗಳ ಪಕ್ಕದಲ್ಲಿ ಇಂಥದೊಂದು ಮೇಜು ಇರಲಿ ಎಂಬುದು ನನ್ನ ಬಿನ್ನಹ. ಒಂದು ಕ್ಯಾಸೆಟ್ ಡೆಕ್ಕು, ಒಂದು ವೀಡಿಯೋ ಪ್ಲೇಯರು, ಒಂದು ಫ್ಲಾಪಿ ಓದುವ ಸಾಧನ, ಬೆಸುಗೆ ಹಾಕಬಲ್ಲ ಇಬ್ಬರು ಸ್ವಯಂಸೇವಕರು. ಎಂಜಿನಿಯರುಗಳಿಗೆ ನಮ್ಮಲ್ಲಿ ಬರವಿಲ್ಲ. ತಂದವರು ಒಂದು ಚೀಟಿ ಬರೆದುಕೊಡಲಿ: ಇದು ಯಾರ ದನಿ, ಯಾವ ಊರು, ಯಾವ ವರುಷ. 'ಅವ್ವನ ತಂಬೂರಿ' ಎಂಬ ಎರಡು ಶಬ್ದಗಳಿಲ್ಲದಿದ್ದರೆ ನನ್ನ ಮಗಳು ಹನ್ನೊಂದರಲ್ಲಿ ಆ ಫ್ಲಾಪಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತಿರಲಿಲ್ಲ.

ನಾನು ಕಲಾ ವಿಭಾಗದಲ್ಲಿ ಪದವಿ ಪಡೆದ ಗೃಹಿಣಿ; ಯಂತ್ರಗಳ ಬಗ್ಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೆ ಮನೆ ನಡೆಸಿದವಳಾಗಿ ಇಷ್ಟು ಹೇಳಬಲ್ಲೆ: ಮೊದಲು ಒಳಗಿರುವುದನ್ನು ಹೊರತೆಗೆಯಿರಿ, ಆಮೇಲೆ ಬಲ್ಲವರಿಗೆ ತೋರಿಸಿರಿ, ಬಳಸುವವರು ಮನೆಯಲ್ಲಿದ್ದರೆ ದುರಸ್ತಿ ಮಾಡಿಸಿರಿ, ಇಲ್ಲವಾದರೆ ಬಳಸುವವರ ಮನೆಗೆ ಬಿಚ್ಚಿ ಕೊಡಿರಿ.

ಕಳೆದ ತಿಂಗಳು ಅಟ್ಲಾಂಟಾದಿಂದ ಮಿತ್ರರು ಫೋನು ಮಾಡಿ, ಮಕ್ಕಳು ಹಾಡುತ್ತಿದ್ದುದನ್ನು ಕೇಳಿಸಿದರು. ಹಿನ್ನೆಲೆಯಲ್ಲಿ ತಂಬೂರಿಯಿತ್ತು. ಪುಟ್ಟ ಹುಡುಗಿಯೊಬ್ಬಳು ಹಾಡು ನಿಲ್ಲಿಸಿ, "ಅಂಕಲ್, ಯಾರೋ ಬಳೆ ಹಾಕಿಕೊಂಡಿದ್ದಾರೆ" ಎಂದಳಂತೆ.