ಹುಟ್ಟುಹಬ್ಬ ಯಾರದ್ದು?



ಡಿಸೆಂಬರ್ ಬಂತೆಂದರೆ ಪೇಟೆಯ ಅಂಗಡಿಗಳ ಮುಂದೆ ಕೆಂಪು ಟೋಪಿ, ಬಿಳಿ ಗಡ್ಡ, ಪ್ಲಾಸ್ಟಿಕ್ ಮರ ಎಲ್ಲವೂ ನೇತಾಡತೊಡಗುತ್ತವೆ. ಬೇಕರಿಯವರು ಗಾಜಿನ ಮೇಲೆ ಹತ್ತಿ ಅಂಟಿಸಿ ಹಿಮ ಬಿದ್ದ ಹಾಗೆ ಮಾಡುತ್ತಾರೆ. ನಮ್ಮೂರಿಗೆ ಹಿಮ ಎಲ್ಲಿಂದ ಬರಬೇಕು ಮಾರಾಯ್ರೆ! ಇರಲಿ, ನೋಡಲು ಚಂದವೇ. ನನ್ನ ತಕರಾರು ಹತ್ತಿಯ ಬಗ್ಗೆ ಅಲ್ಲ.

ಈ ಸಲ ನಮ್ಮ ಶಾಲೆಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ ಮಾಡುವ ಮಾತು ನಡೆಯುತ್ತಿದೆಯಷ್ಟೆ. "ಸಾಂತಾಕ್ಲಾಸ್ ಕುಣಿತ, ಕೇಕು, ಚಾಕಲೇಟು ಇಷ್ಟು ಸಾಕು. ಯೇಸುವಿನ ಕಥೆ, ಗೋದಲಿ ಅಂತ ಹೋದರೆ ಅದು ಧರ್ಮದ ವಿಷಯವಾಗುತ್ತದೆ, ನಾಳೆ ಯಾರಾದರೂ ಆಕ್ಷೇಪ ಎತ್ತಿಯಾರು" ಎಂದು ಕೆಲವರು ಹೇಳುತ್ತಿದ್ದಾರೆ. ಅವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಸಂತೋಷಪಡಲಿ ಅಂತಲೇ ಅವರ ಆಸೆ. ಆದರೆ ಅಷ್ಟಮಿಗೆ ಮೊಸರುಕುಡಿಕೆ ಒಡೆಯಬಹುದು, ಕೃಷ್ಣನ ಹೆಸರು ಮಾತ್ರ ಎತ್ತಬಾರದು ಅಂದರೆ ನಮಗೆ ಹೇಗಾದೀತು? ನಮ್ಮ ಕ್ರೈಸ್ತ ಸಹಪಾಠಿಗಳಿಗೂ ಹಾಗೇ ಆಗುವುದಿಲ್ಲವೇ? ಅವರ ತಲೆಗೊಂದು ಟೋಪಿ ಹಾಕಿ ಕುಣಿಸುತ್ತೇವೆ. 24ರ ರಾತ್ರಿ ಇಗರ್ಜಿಯಲ್ಲಿ ಏನು ನಡೆಯುತ್ತದೆ, ಅದಕ್ಕಿಂತ ಮೊದಲಿನ ನಾಲ್ಕು ಭಾನುವಾರ ಯಾತಕ್ಕಾಗಿ ಕಾಯುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಕಥೆ ಏನು? ಲೂಕನ ಸುವಾರ್ತೆಯಲ್ಲಿ ಬರುವುದು ಇಷ್ಟು. ರೋಮಿನ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಮಾಡಿದ. ಹೆಸರು ಬರೆಸಲು ಯೋಸೇಫನೂ ಗರ್ಭಿಣಿಯಾದ ಮರಿಯಳೂ ನಜರೇತಿನಿಂದ ಬೆತ್ಲೆಹೇಮಿಗೆ ಹೋಗಬೇಕಾಯಿತು. ಅಲ್ಲಿ ಛತ್ರದಲ್ಲಿ ಜಾಗ ಸಿಗಲಿಲ್ಲ. ಹುಟ್ಟಿದ ಮಗುವನ್ನು ತಾಯಿ ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಗೋದಲಿ ಅಂದರೆ ಬೇರೇನಲ್ಲ, ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುವ ಜಾಗ. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ಮತ್ತಾಯನ ಸುವಾರ್ತೆಯಲ್ಲಿ ಇನ್ನೂ ಮುಂದಿನದ್ದಿದೆ. ಹೆರೋದ ರಾಜ ಈ ಮಗುವನ್ನು ಕೊಲ್ಲಲು ಹುಡುಕಿಸಿದಾಗ ತಂದೆತಾಯಿ ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಐಗುಪ್ತ ದೇಶಕ್ಕೆ ಓಡಿಹೋದರು.

ಇದರಲ್ಲಿ ಹಿಮ ಎಲ್ಲಿದೆ? ಜಿಂಕೆ ಎಳೆಯುವ ಗಾಡಿ ಎಲ್ಲಿದೆ? ಇರುವುದು ಹುಲ್ಲು, ಚಳಿಗೆ ಸುತ್ತಿದ ಬಟ್ಟೆ, ಇಳಿದುಕೊಳ್ಳಲು ಜಾಗ ಸಿಗದ ಸಂಕಟ, ದೊಡ್ಡವರ ಭಯ. ದೇವರೇ ಮನುಷ್ಯನಾಗಿ ಹುಟ್ಟಿದ, ಹುಟ್ಟುವಾಗ ಇಂಥ ಜಾಗವನ್ನೇ ಆರಿಸಿಕೊಂಡ ಎಂಬುದು ಕ್ರೈಸ್ತರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಮ್ಮದು ಕ್ರೈಸ್ತ ಮನೆಯಲ್ಲ, ನಾನೂ ನಂಬಬೇಕೆಂದು ಯಾರೂ ಹೇಳಿಲ್ಲ. ಆದರೆ ದಿನಾ ಬೆಳಿಗ್ಗೆ ಹಟ್ಟಿಗೆ ಹೋಗಿ ಸೆಗಣಿ ತೆಗೆದು ಶಾಲೆಗೆ ಬರುವ ನಮ್ಮಂಥವರಿಗೆ ಈ ಕಥೆ ತಿಳಿಯದಿದ್ದರೆ ಇನ್ನು ಯಾರಿಗೆ ತಿಳಿದೀತು?

ಸಾಂತಾ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಆತನೂ ಮೂಲದಲ್ಲಿ ಭಕ್ತನೇ. 4ನೇ ಶತಮಾನದಲ್ಲಿ ಈಗಿನ ತುರ್ಕಿ ದೇಶಕ್ಕೆ ಸೇರಿದ ಮೀರಾ ಎಂಬ ಊರಿನಲ್ಲಿ ನಿಕೊಲಾಸ್ ಎಂಬ ಬಿಷಪ್ ಇದ್ದರು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆ ದುಡ್ಡಿಲ್ಲವೆಂದು ತಿಳಿದು, ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಹೋದರಂತೆ. ಹೀಗೆಂದು ಪ್ರತೀತಿ. ಡಚ್ಚರು ಇವರನ್ನು ಸಿಂಟರ್‌ಕ್ಲಾಸ್ ಎಂದು ಕರೆದರು. ಆ ಹೆಸರು ಅಮೆರಿಕಕ್ಕೆ ಹೋಗಿ ಸಾಂತಾಕ್ಲಾಸ್ ಆಯಿತು. ಅಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ 1863ರಿಂದ ಪತ್ರಿಕೆಯಲ್ಲಿ ಸಾಂತಾನ ಚಿತ್ರ ಬರೆಯತೊಡಗಿದ. 1931ರಿಂದ ಹ್ಯಾಡನ್ ಸಂಡ್‌ಬ್ಲೊಮ್ ಎಂಬ ಕಲಾವಿದ ಕೋಕಾಕೋಲಾ ಜಾಹೀರಾತಿಗೆ ಬರೆದ ಕೆಂಪು ಕೋಟಿನ, ಡೊಳ್ಳುಹೊಟ್ಟೆಯ ಅಜ್ಜನೇ ಈಗ ಲೋಕಕ್ಕೆಲ್ಲ ಪರಿಚಿತ. (ಕೆಂಪು ಕೋಟು ಆ ಕಂಪನಿಯೇ ಹೊಲಿಸಿದ್ದೆಂದು ಹೇಳುವವರಿದ್ದಾರೆ. ಅದು ಸುಳ್ಳು, ಮೊದಲೇ ಇತ್ತು.) ನೋಡಿ, ಪಡೆದವನಿಗೆ ನಾಚಿಕೆಯಾಗಬಾರದೆಂದು ಕತ್ತಲಲ್ಲಿ ಕೊಟ್ಟವರು ಅವರು. ಈಗಿನ ಸಾಂತಾ ಮೈಕಿನಲ್ಲಿ ಹೆಸರು ಕೂಗಿಸಿ, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡು ಒಂದು ಚಾಕಲೇಟು ಕೊಡುತ್ತಾನೆ!

ಹಾಗಂತ ಹಬ್ಬದಲ್ಲಿರುವುದೆಲ್ಲ ಬೈಬಲ್ಲಿನಿಂದ ಬಂದದ್ದು ಎಂದೇನೂ ಇಲ್ಲ. ಡಿಸೆಂಬರ್ 25 ಎಂಬ ತಾರೀಕೇ ಅದರಲ್ಲಿಲ್ಲ. ಇದೇ ಕಾರಣಕ್ಕೆ ಹಿಂದೆ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತರು ಹಬ್ಬವನ್ನೇ ನಿಲ್ಲಿಸಿದ್ದರು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ಆಚರಣೆಯನ್ನು ರದ್ದುಮಾಡಿತು. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ! ಕುಡಿತ, ಗಲಾಟೆಯ ಹಬ್ಬ ದೇವರಿಗೆ ಬೇಡವೆಂದು ಅವರ ವಾದ. ಅರ್ಧ ನಿಜವೇ. ಆದರೆ ದಂಡ ಹಾಕಿ ಭಕ್ತಿ ಬೆಳೆಸಲಿಕ್ಕಾಗುತ್ತದೆಯೇ?

ನನಗೆ ಹಿಡಿಸಿದ್ದು ಅಸಿಸಿಯ ಸಂತ ಫ್ರಾನ್ಸಿಸರ ದಾರಿ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಹುಲ್ಲು ತರಿಸಿದರು, ಒಂದು ಎತ್ತು, ಒಂದು ಕತ್ತೆ ತರಿಸಿ ನಿಲ್ಲಿಸಿದರು. ಸುತ್ತಲಿನ ಜನ ಪಂಜು ಹಿಡಿದು ಬಂದರು. ಆ ಮಗು ಎಂಥ ಬಡತನದಲ್ಲಿ ಹುಟ್ಟಿತು ಎನ್ನುವುದನ್ನು ಕಣ್ಣಿನಿಂದ ನೋಡಲಿ ಅಂತ. ನಮ್ಮ ಕರಾವಳಿಯ ಕ್ರೈಸ್ತರ ಮನೆ ಮನೆಯಲ್ಲಿ ಕಟ್ಟುವ ಗೋದಲಿಯೂ ಅದೇ ಸಂಪ್ರದಾಯದ್ದು. ಈಗೀಗ ಗೋದಲಿಗೂ ಸ್ಪರ್ಧೆ, ಬಹುಮಾನ. ಕೆಲವು ಕಡೆ ಮಿಣುಕು ದೀಪದ ಮಧ್ಯೆ ಮಗುವನ್ನು ಹುಡುಕಬೇಕಾಗುತ್ತದೆ, ಅದು ಬೇರೆ ಮಾತು.

ಕಥೆಯನ್ನು ಪೂರ್ತಿ ಬಿಟ್ಟರೆ ಏನಾಗುತ್ತದೆಂದು ನೋಡಬೇಕೇ? ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಅಲ್ಲಿ ಕರಿದ ಕೋಳಿ ಮಾರುವ ಕೆಎಫ್‌ಸಿ ಕಂಪನಿ 1974ರಲ್ಲಿ ದೇಶವಿಡೀ ಪ್ರಚಾರ ಮಾಡಿತು. ಅಂದಿನಿಂದ ಕ್ರಿಸ್‌ಮಸ್ ಎಂದರೆ ಡಬ್ಬಿ ಕೋಳಿ, ಕ್ರೀಮ್ ಕೇಕು. ಜನ ಮುಂಚಿತವಾಗಿ ಆರ್ಡರ್ ಕೊಟ್ಟು ಸಾಲು ನಿಲ್ಲುತ್ತಾರೆ. ಜಪಾನಿನವರದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ದೇವರ ವಿಷಯ ತೆಗೆದರೆ ಹಬ್ಬ ಎಲ್ಲರದ್ದಾಗುತ್ತದೆ ಎನ್ನುವವರು ಗಮನಿಸಬೇಕು. ಅದು ಅಂಗಡಿಯವನದ್ದಾಯಿತು.

ಇನ್ನು, ಕಥೆ ಕೇಳಿದರೆ ಮಕ್ಕಳ ಮನಸ್ಸು ತಿರುಗೀತು ಎಂಬ ಹೆದರಿಕೆ. ನಮ್ಮ ನೆರೆಮನೆ ಪೊರ್ಬುಗಳದ್ದು. ಪ್ರತಿ ವರ್ಷ ಬಾಯಮ್ಮ ತಟ್ಟೆ ತುಂಬ ಕುಸ್ವಾರ್ ಕಳಿಸುತ್ತಾರೆ. ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ಇರುತ್ತದೆ. "ಬಾಲಯೇಸುವಿನ ಹಬ್ಬದ್ದು, ತಿನ್ನಿ" ಎಂದೇ ಕೊಡುವುದು. ತಿಂದು ನಮ್ಮ ಮನೆಯಲ್ಲಿ ಯಾರ ಧರ್ಮವೂ ಬದಲಾಗಿಲ್ಲ. ಗುಳಿಯೊ ಕಚ್ಚಿ ಅಜ್ಜನ ಹಲ್ಲುನೋವು ಜೋರಾದದ್ದು ಮಾತ್ರ ಹೌದು. ದೊಡ್ಡವರ ಉದಾಹರಣೆಯೇ ಬೇಕೆಂದರೆ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳನ್ನು ನೆನೆಯಿರಿ. ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದರು. ಹಾಗೆ ಬರೆದರೆಂದು ಅವರು ಕ್ರೈಸ್ತರೂ ಆಗಲಿಲ್ಲ, ಬೌದ್ಧರೂ ಆಗಲಿಲ್ಲ. ಕನ್ನಡಕ್ಕೆ ಎರಡು ಒಳ್ಳೆಯ ಕಾವ್ಯ ಸಿಕ್ಕಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕುಣಿತ ಇರಲಿ, ಕೇಕೂ ಇರಲಿ (ಬೇಡ ಅಂದರೆ ಐದನೇ ತರಗತಿಯವರು ನನ್ನನ್ನು ಬಿಟ್ಟಾರೆಯೇ?). ಆದರೆ ಅದಕ್ಕೆ ಮೊದಲು ನಮ್ಮ ಕ್ರೈಸ್ತ ಸಹಪಾಠಿಗಳಲ್ಲಿ ಒಬ್ಬರು ಎದ್ದು ನಿಂತು, ಇದು ಯಾರ ಹುಟ್ಟುಹಬ್ಬ, ತಮ್ಮ ಮನೆಯಲ್ಲಿ ಯಾಕೆ ಆಚರಿಸುತ್ತಾರೆ ಎಂದು ಹತ್ತು ನಿಮಿಷ ಹೇಳಲಿ. ಈದ್ ಬಂದಾಗ ಮುಸ್ಲಿಂ ಸಹಪಾಠಿಗಳೂ ಹಾಗೇ ಹೇಳಲಿ, ಅಷ್ಟಮಿಗೆ ನಾವು ಹೇಳೋಣ. ಪ್ರಾರ್ಥನೆ ಮಾಡಿಸುವುದು ಬೇಡ, ಯಾರೂ ಕೈಮುಗಿಯಬೇಕೆಂದಿಲ್ಲ. ಹೇಳಿದ್ದನ್ನು ಕೇಳಿದರೆ ಸಾಕು. ವೇದಿಕೆಯ ಪಕ್ಕ ಪ್ಲಾಸ್ಟಿಕ್ ಮರ ತರುವ ದುಡ್ಡಿನಲ್ಲಿ ಒಂದು ಗೋದಲಿ ಕಟ್ಟೋಣ. ಹೇಗೆ ಕಟ್ಟಬೇಕೆಂದು ಅವರೇ ಹೇಳಿಕೊಡುತ್ತಾರೆ.

ಬೈಹುಲ್ಲು ನಮ್ಮ ಹಟ್ಟಿಯಿಂದ ನಾನು ತರುತ್ತೇನೆ. ನಕ್ಷತ್ರಕ್ಕೆ ಬಿದಿರು ಕಡ್ಡಿ, ಬಣ್ಣದ ಕಾಗದ ಯಾರು ತರುತ್ತೀರಿ? ಒಪ್ಪದವರು ನಿಮ್ಮ ಮಾತನ್ನೂ ಬರೆದು ಕೆಳಗಿನ ಪೆಟ್ಟಿಗೆಗೆ ಹಾಕಿ. ಮುಂದಿನ ಸಂಚಿಕೆ ಬರೆಯುವ ಮೊದಲು ಎಲ್ಲವನ್ನೂ ತೆರೆದು ಓದುತ್ತೇವೆ.

– ಹತ್ತನೇ ತರಗತಿಯಿಂದ